ಸಬ್ಸಿಡಿ ಮೊದಲೋ, ಮಷೀನ್ ಮೊದಲೋ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಉದ್ಯಮ ಮತ್ತು ಉದ್ಯೋಗದ ಸರ್ಕಾರಿ ಯೋಜನೆಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕು. ಹೊಲದಾಗ ತೊಗರಿ ಬೆಳೀತೀವಿ. ಸಣ್ಣದೊಂದು ದಾಲ್ ಮಿಲ್ ಹಾಕಬೇಕಂತ ಅದೀವಿ, ಒಟ್ಟು ಖರ್ಚು 25 ಲಕ್ಷ. ಪಿಎಂಇಜಿಪಿ ಛಲೋನೋ, ಪಿಎಂಎಫ್‌ಎಂಇ ಛಲೋನೋ? ಮಷೀನಿನವ ಈಗ ಅಡ್ವಾನ್ಸ್ ಕೊಟ್ರ ರೇಟ್ ಕಡಿಮಿ ಮಾಡ್ತೀನಿ ಅಂತಾನ. ಕೊಡಬೇಕೋ ಬ್ಯಾಡೋ?

ಕೊಡಬೇಡಿ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ ಮೊದಲ ಸಾಲ ಇರುವುದು ಹೊಸ ಘಟಕಗಳಿಗೆ ಮಾತ್ರ. ಸಾಲ ಮಂಜೂರಾಗುವ ಮೊದಲೇ ನಿಮ್ಮ ಹೆಸರಿಗೆ ಮಷೀನಿನ ಬಿಲ್ಲು ಹರಿದರೆ, ಘಟಕ ಆಗಲೇ ಶುರುವಾಗಿದೆ ಎಂದು ಬ್ಯಾಂಕಿನವರೂ ಪರಿಶೀಲನೆಗೆ ಬಂದವರೂ ಹೇಳಬಹುದು. ಆಗ ನೀವು ಲಕ್ಷಗಟ್ಟಲೆ ಸಹಾಯಧನಕ್ಕೆ ಎರವಾಗುತ್ತೀರಿ. ಸದ್ಯಕ್ಕೆ ಅವನಿಂದ ಜಿಎಸ್‌ಟಿ ನಂಬರ್ ಇರುವ ಕೊಟೇಶನ್ ಅಷ್ಟೇ ತರಿಸಿಕೊಳ್ಳಿ.

ಇನ್ನು ಯಾವ ಯೋಜನೆ ಎಂಬುದು. ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ವಿಶೇಷ ವರ್ಗಕ್ಕೆ ಶೇ 35 ಸಹಾಯಧನ. ಸ್ವಂತ ಪಾಲು ಕ್ರಮವಾಗಿ ಶೇ 10 ಮತ್ತು ಶೇ 5. ಮಹಿಳೆ, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರೆಲ್ಲ ವಿಶೇಷ ವರ್ಗದಲ್ಲಿ ಬರುತ್ತಾರೆ. 2022ರ ತಿದ್ದುಪಡಿಯಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳನ್ನೂ (ಕೇಂದ್ರ ಗುರುತಿಸಿದ ಹಿಂದುಳಿದ ಜಿಲ್ಲೆಗಳು) ವಿಶೇಷ ವರ್ಗಕ್ಕೆ ಸೇರಿಸಿದರು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಯಾದಗಿರಿ ಮತ್ತು ರಾಯಚೂರು. ಅಂದರೆ ನಿಮ್ಮ ಪಕ್ಕದ ಶಹಾಪುರ ತಾಲ್ಲೂಕಿನಲ್ಲಿ ಘಟಕ ಹಾಕುವವನಿಗೆ ಜಾತಿ, ಲಿಂಗ ಯಾವುದೇ ಇರಲಿ ಶೇ 35 ಸಿಗುತ್ತದೆ. ಜೇವರ್ಗಿಯಲ್ಲಿ ಸಾಮಾನ್ಯ ವರ್ಗದ ಗಂಡಸಿಗೆ ಶೇ 25 ಮಾತ್ರ.

ಪಿಎಂಎಫ್‌ಎಂಇ ಆಹಾರ ಸಂಸ್ಕರಣೆಗೆಂದೇ ಇರುವ ಯೋಜನೆ. ಯೋಜನೆಯ ಶೇ 35ರ ಮೇಲೆ ಕರ್ನಾಟಕ ಸರ್ಕಾರ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷ. ಶೇ 50 ಕಂಡ ಕೂಡಲೇ ಎಲ್ಲರೂ ಇದಕ್ಕೇ ಮುಗಿಬೀಳುತ್ತಾರೆ. ಆದರೆ ಇಲ್ಲಿ ಸಹಾಯಧನ ಲೆಕ್ಕವಾಗುವುದು ಯಂತ್ರ ಮತ್ತು ತಾಂತ್ರಿಕ ಕಟ್ಟಡದ ಮೇಲೆ, ದುಡಿಯುವ ಬಂಡವಾಳದ ಮೇಲಲ್ಲ. ಪಿಎಂಇಜಿಪಿಯಲ್ಲಿ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೇ ಬರುತ್ತದೆ. ನಿಮ್ಮ 25 ಲಕ್ಷದಲ್ಲಿ ಯಂತ್ರ, ಶೆಡ್ಡು 15 ಲಕ್ಷ, ತೊಗರಿ ಖರೀದಿಗೆ 10 ಲಕ್ಷ ಎಂದಿಟ್ಟುಕೊಳ್ಳಿ. ಪಿಎಂಎಫ್‌ಎಂಇಯಲ್ಲಿ 15 ಲಕ್ಷದ ಅರ್ಧ, ಅಂದರೆ 7.5 ಲಕ್ಷ. ಪಿಎಂಇಜಿಪಿಯಲ್ಲಿ ಮನೆಯಾಕೆಯ ಹೆಸರಲ್ಲಿ ಹಾಕಿದರೆ 25 ಲಕ್ಷದ ಶೇ 35, ಅಂದರೆ 8.75 ಲಕ್ಷ, ಸಾಮಾನ್ಯ ವರ್ಗದಲ್ಲಿ ನಿಮ್ಮ ಹೆಸರಲ್ಲಿ ಹಾಕಿದರೆ 6.25 ಲಕ್ಷ. ಯಂತ್ರದ ಪಾಲು ಹೆಚ್ಚಿದಷ್ಟೂ ಪಿಎಂಎಫ್‌ಎಂಇ ಕಡೆ ತಕ್ಕಡಿ ವಾಲುತ್ತದೆ. ಎರಡರಲ್ಲೂ ಜಮೀನಿನ ಬೆಲೆ ಸೇರುವುದಿಲ್ಲ. ಎರಡಕ್ಕೂ ಕೇಂದ್ರ ಕೊಟ್ಟಿದ್ದ ಅವಧಿ 2025-26ರವರೆಗಿನದು, ಆದ್ದರಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ (ಡಿಐಸಿ) ವಿಚಾರಿಸಿಕೊಳ್ಳಿ.

ಸಹಾಯಧನ ಕೈಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಪಿಎಂಇಜಿಪಿಯ ಕ್ರಮ ಹೀಗಿದೆ: ಪೋರ್ಟಲ್‌ನಲ್ಲಿ ಅರ್ಜಿ, ಡಿಐಸಿ ಅಥವಾ ಖಾದಿ ಮಂಡಳಿಯ ಪರಿಶೀಲನೆ, ಬ್ಯಾಂಕ್ ಮಂಜೂರಾತಿ, ಉದ್ಯಮಶೀಲತಾ ತರಬೇತಿ, ನಿಮ್ಮ ಪಾಲಿನ ಹಣ ಜಮಾ, ಸಾಲದ ಮೊದಲ ಕಂತು, ಆಮೇಲೆ ಮಾರ್ಜಿನ್ ಮನಿ, ಅಂದರೆ ಸಹಾಯಧನ. ಆ ಹಣ ನಿಮ್ಮ ಹೆಸರಿನ ಠೇವಣಿಯಾಗಿ ಬ್ಯಾಂಕಿನಲ್ಲೇ ಮೂರು ವರ್ಷ ಕೂರುತ್ತದೆ. ಸ್ಥಳ ಪರಿಶೀಲನೆ ಆದ ಮೇಲೆ ಸಾಲಕ್ಕೆ ಜಮಾ. ಠೇವಣಿಗೆ ಬಡ್ಡಿ ಇಲ್ಲ. ಅಷ್ಟೇ ಮೊತ್ತದ ಸಾಲಕ್ಕೂ ಬ್ಯಾಂಕು ಬಡ್ಡಿ ಹಾಕುವಂತಿಲ್ಲ. ಇಲ್ಲೇ ಬಹಳ ಜನ ಮೋಸ ಹೋಗುವುದು. ಶಾಖೆಯಲ್ಲಿ ಸಿಸ್ಟಂ ಪೂರ್ತಿ ಸಾಲಕ್ಕೆ ಬಡ್ಡಿ ಎಳೆಯುತ್ತಿರುತ್ತದೆ, ಯಾರೂ ನೋಡಿರುವುದಿಲ್ಲ. ಮಾರ್ಜಿನ್ ಮನಿ ಬಂದ ತಿಂಗಳಿನಿಂದ ಸ್ಟೇಟ್‌ಮೆಂಟ್ ತೆಗೆಸಿ ಕೈಯಾರೆ ಲೆಕ್ಕ ಹಾಕಿ. ಕ್ಯಾಷ್ ಕ್ರೆಡಿಟ್ (ದುಡಿಯುವ ಬಂಡವಾಳದ ಸಾಲ) ಮಿತಿಯನ್ನು ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಬಳಸಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತೂ ಇದೆ. ಸಾಲ ಬೇಡವೆಂದು ಮಿತಿ ಮುಟ್ಟದೆ ಬಿಟ್ಟವರಿಗೆ ಕೊನೆಗೆ ಸಬ್ಸಿಡಿಯಲ್ಲಿ ಕತ್ತರಿ.

ಈಗ ಮಿಲ್ಲಿನ ಮಾತು. ನಮಗೆ ಬಂದ ಯೋಜನಾ ವರದಿಗಳಲ್ಲಿ ತೊಂಬತ್ತು ಪಾಲು ತಪ್ಪುವುದು ಒಂದೇ ಕಡೆ, ಕಚ್ಚಾ ಮಾಲಿನ ಹಣದಲ್ಲಿ. ತೊಗರಿ ಮಾರುಕಟ್ಟೆಗೆ ಒತ್ತಿ ಬರುವುದು ಜನವರಿಯಿಂದ ಮಾರ್ಚ್. ದಿನಕ್ಕೆ 1 ಟನ್ ಒಡೆಯುವ ಮಿಲ್ಲಿಗೆ ತಿಂಗಳಿಗೆ 25 ದಿನವೆಂದರೆ 250 ಕ್ವಿಂಟಲ್ ಬೇಕು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ದರಕ್ಕೇ ಹಿಡಿದರೂ ತಿಂಗಳ ಖರೀದಿ 20 ಲಕ್ಷ. ನಿಮ್ಮ 10 ಲಕ್ಷ ಹದಿನೈದು ದಿನಕ್ಕೆ ಸಾಕು. ಸುಗ್ಗಿಯಲ್ಲಿ ಆರು ತಿಂಗಳ ಮಾಲು ಕೂಡಿಡುವ ದೊಡ್ಡ ಮಿಲ್ಲಿನವರು, ಜೊತೆಗೆ ಲಾತೂರು, ಸೊಲ್ಲಾಪುರ, ಅಕೋಲಾದ ಖರೀದಿದಾರರು ಅದೇ ಎಪಿಎಂಸಿಯಲ್ಲಿ ನಿಂತಿರುತ್ತಾರೆ. ಜೂನ್‌ನಲ್ಲಿ ನಿಮ್ಮ ಮಷೀನು ಖಾಲಿ ನಿಂತು ಬಡ್ಡಿ ಓಡುತ್ತಿರುತ್ತದೆ.

ಸಣ್ಣ ಮಿಲ್ಲಿಗೆ ಇರುವ ದಾರಿ ಎರಡು. ಮೊದಲನೆಯದು ಕೂಲಿಗೆ ಬೇಳೆ ಮಾಡಿಕೊಡುವುದು: ಊರಿನವರ ತೊಗರಿ ಒಡೆದು ಕ್ವಿಂಟಲ್ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳಿ, ಸಾಧ್ಯವಾದರೆ ಹೊಟ್ಟು, ಚುನ್ನಿ (ಒಡೆಯುವಾಗ ಉದುರುವ ಪುಡಿ) ನಿಮಗೇ ಎಂದು ಮಾತಾಡಿಕೊಳ್ಳಿ. ದನದ ಮೇವಿಗೆ ಅದಕ್ಕೆ ಗಿರಾಕಿ ಇದ್ದೇ ಇರುತ್ತದೆ. ಎರಡನೆಯದು, ಮಾನ್ಯತೆ ಪಡೆದ ಗೋದಾಮಿನಲ್ಲಿ ಮಾಲಿಟ್ಟು ಎಲೆಕ್ಟ್ರಾನಿಕ್ ರಸೀದಿಯ ಮೇಲೆ ಸಾಲ ಎತ್ತುವುದು. ಎರಡನ್ನೂ ವರದಿಯಲ್ಲಿ ಬರೆಯಿರಿ. ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇರಲಿ.

ಲಾಭ ಇರುವುದು ಇಳುವರಿಯಲ್ಲಿ. ತೊಗರಿಯ ಸಿಪ್ಪೆ ಅಂಟಿನಿಂದ ಬಿಗಿದುಕೊಂಡಿರುತ್ತದೆ, ಅದನ್ನು ಸಡಿಲಿಸದೆ ಒಡೆದರೆ ನುಚ್ಚು ಹೆಚ್ಚು. ಶುಚಿ ಮಾಡಿ ಗಾತ್ರದ ಪ್ರಕಾರ ಬೇರೆ ಮಾಡಿ, ಎಮರಿ ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿಸಿ, ಶೇ 0.2ರಿಂದ 0.5ರಷ್ಟು ಖಾದ್ಯ ಎಣ್ಣೆ ಸವರಿ, ಎರಡು ಮೂರು ದಿನ ಬಿಸಿಲಿಗೆ ಹರಡಿ, ರಾತ್ರಿ ಗುಪ್ಪೆ ಹಾಕಿ ಮುಚ್ಚಬೇಕು. ಆಮೇಲೆ ಶೇ 2ರಿಂದ 5ರಷ್ಟು ನೀರು ಚಿಮುಕಿಸಿ ಹದಕ್ಕೆ ಬಿಟ್ಟು ಒಡೆಯಬೇಕು. ಗಾತ್ರ ಬೇರೆ ಮಾಡದಿದ್ದರೆ ದಪ್ಪ ಕಾಳು ಸವೆದು ಹೋಗುತ್ತದೆ, ಸಣ್ಣದು ಸಿಪ್ಪೆ ಸಮೇತ ಹೊರಬರುತ್ತದೆ. ಸಾಧಾರಣ ಮಿಲ್ಲಿನಲ್ಲಿ 100 ಕೆಜಿಗೆ 70ರಿಂದ 75 ಕೆಜಿ ಬೇಳೆ. ಹದ ಸರಿಯಿದ್ದರೆ 78 ಮುಟ್ಟಿಸಬಹುದು. 72ರಿಂದ 78ಕ್ಕೆ ಏರಿತೆಂದರೆ ಕ್ವಿಂಟಲ್‌ಗೆ 6 ಕೆಜಿ. ಬೇಳೆ ಕೆಜಿಗೆ 110 ರೂಪಾಯಿ ಇದ್ದಾಗ 660 ರೂಪಾಯಿ, ದಿನಕ್ಕೆ 1 ಟನ್ ಒಡೆದರೆ 6,600. ನುಚ್ಚು, ಚುನ್ನಿಯ ಬೆಲೆ ಕಳೆದರೂ ಕೂಲಿಯಾಳುಗಳ ಪಗಾರ ಹೊರಟೇ ಹೊರಡುತ್ತದೆ.

ಒಣಗಿಸುವ ಕಟ್ಟೆಯನ್ನು ವರದಿಯಲ್ಲಿ ಬಿಟ್ಟವರೇ ಹೆಚ್ಚು. 2 ಸೆಂ.ಮೀ. ದಪ್ಪಕ್ಕೆ ಹರಡಿದರೆ ಚದರ ಮೀಟರಿಗೆ ಸುಮಾರು 15 ಕೆಜಿ ಹಿಡಿಯುತ್ತದೆ. ಮೂರು ದಿನದ ಮಾಲು ಒಟ್ಟಿಗೆ ಬಿಸಿಲಲ್ಲಿ ಇರುವುದರಿಂದ 1 ಟನ್ ಮಿಲ್ಲಿಗೆ 200 ಚದರ ಮೀಟರ್ ಸಿಮೆಂಟ್ ಕಟ್ಟೆ ಬೇಕು. ಮಳೆಗಾಲಕ್ಕೆ ಡ್ರೈಯರ್ ಇಲ್ಲವೆಂದರೆ ವರ್ಷಕ್ಕೆ 300 ದಿನ ಓಡಿಸುತ್ತೇವೆ ಎಂದು ಬರೆಯಬೇಡಿ, ಬ್ಯಾಂಕಿನ ಎಂಜಿನಿಯರ್ ನಗುತ್ತಾನೆ. ಜೆಸ್ಕಾಂನಿಂದ ಕೈಗಾರಿಕಾ ದರದ ತ್ರೀ ಫೇಸ್ ಸಂಪರ್ಕ ಪಡೆಯಿರಿ, ತೋಟದ ಪಂಪ್‌ಸೆಟ್ ಲೈನಿನಿಂದ ಮೋಟಾರು ಓಡಿಸಿದರೆ ದಂಡ ಖಾಯಂ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನಲ್ಲಿ ಬರೀ ನೋಂದಣಿ ಸಾಲದು, ನಿಮ್ಮ ವಹಿವಾಟಿಗೆ ರಾಜ್ಯ ಲೈಸೆನ್ಸ್ ಬೇಕು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು 1 ಕೆಜಿ ಪೊಟ್ಟಣಕ್ಕೆ ಇಳಿದರೆ ಬೆಂಗಳೂರಿನ ಗಿರಾಕಿ ಎರಡು ಕಾಸು ಹೆಚ್ಚು ಕೊಡುತ್ತಾನೆ. ಆದರೆ 25 ಕೆಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ ಬೀಳುತ್ತದೆ, ಬೆಲೆ ಕಟ್ಟುವಾಗ ಮರೆಯಬೇಡಿ.

ಪ್ರಶ್ನೆ: ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಬರುತ್ತದೆ ಎಂದು ಓದುತ್ತೇವೆ. ಅದರಿಂದ ನಮ್ಮಂಥ ಯುವಕರಿಗೆ ಉದ್ಯಮಕ್ಕೆ ಸಾಲ ಸಿಗುತ್ತದೆಯೇ? (ಚಿಂಚೋಳಿ)

ಸಿಗುವುದಿಲ್ಲ. ಮಂಡಳಿ ಬ್ಯಾಂಕಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಅದರಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಕಲಬುರಗಿ ವಿಭಾಗದವು. ಆ ಅಂತರ ತುಂಬಲೆಂದು ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಮಂಡಳಿ ಬಂತು, ಹೆಸರು 2019ರಲ್ಲಿ ಬದಲಾಯಿತು. ಅದರ ಹಣ ರಸ್ತೆ, ಶಾಲೆ, ಆಸ್ಪತ್ರೆ, ನೀರು, ತರಬೇತಿ ಕೇಂದ್ರದಂಥ ಸಾರ್ವಜನಿಕ ಕೆಲಸಕ್ಕೆ ಇಲಾಖೆಗಳ ಮೂಲಕ ಹೋಗುತ್ತದೆ.

ನಿಮಗೆ ಅದರಿಂದ ಉಪಯೋಗವಿಲ್ಲ ಎಂದಲ್ಲ. ಒಬ್ಬರ ಮಿಲ್ಲಿಗೆ ಕೊಡದ ಹಣ, ಹತ್ತು ಮಿಲ್ಲುಗಳಿರುವ ಬೀದಿಯ ರಸ್ತೆಗೆ, ಚರಂಡಿಗೆ, ಕೆಲಸ ಕಲಿಸುವ ಕೇಂದ್ರಕ್ಕೆ ಬರಬಹುದು. ಬೇಡಿಕೆಯನ್ನು ಗುಂಪಾಗಿ ಬರೆದು ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ಶಾಸಕರಿಗೂ ಜಿಲ್ಲಾಧಿಕಾರಿಗೂ ಮುಟ್ಟಿಸಿ. ಅನುಮೋದನೆ ಆದ ಮೇಲೆ ಕೊಟ್ಟ ಮನವಿ ಮುಂದಿನ ವರ್ಷದ ಕಡತಕ್ಕೆ.

ಸಾಲದ ಯೋಜನೆ ನೋಡಬೇಕೆಂದರೆ ನೀವು ಹುಡುಕಬೇಕಾದ ಕಾಗದ ಬೇರೆ. ನಬಾರ್ಡ್ ಪ್ರತಿ ಜಿಲ್ಲೆಗೂ ವರ್ಷಕ್ಕೊಮ್ಮೆ ಸಾಲ ಸಾಮರ್ಥ್ಯದ ಯೋಜನೆ ಮಾಡುತ್ತದೆ, ಅದರ ಮೇಲೆ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನು ಕೂಡಿಸಿ ನಡೆಸುವ ಮುಖ್ಯ ಬ್ಯಾಂಕ್) ಜಿಲ್ಲೆಯ ವಾರ್ಷಿಕ ಸಾಲ ಯೋಜನೆ ಕಟ್ಟುತ್ತದೆ. ಸಣ್ಣ ಕೈಗಾರಿಕೆಗೆ ಗುರಿ ಎಷ್ಟು, ಕೊಟ್ಟದ್ದೆಷ್ಟು ಎಲ್ಲ ಅದರಲ್ಲಿರುತ್ತದೆ. ತಾಲ್ಲೂಕು ಮಟ್ಟದ ಬ್ಯಾಂಕರ್‌ಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ, ಬಾಕಿ ಅರ್ಜಿಗಳ ಪಟ್ಟಿ ಅಲ್ಲಿ ಓದಲಾಗುತ್ತದೆ. ನಿಮ್ಮ ಅರ್ಜಿ ಶಾಖೆಯಲ್ಲಿ ಧೂಳು ತಿನ್ನುತ್ತಿದ್ದರೆ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಅರ್ಜಿ ಸಂಖ್ಯೆ ಹಾಕಿ ಒಂದು ಪುಟದ ಪತ್ರ ಬರೆಯಿರಿ. ಮುಖ್ಯಮಂತ್ರಿಗೆ ಬರೆಯುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಪ್ರಶ್ನೆ: ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಲ್ಲಿ 371(ಜೆ) ಪ್ರಕಾರ ನಮಗೆ ಮೀಸಲಾತಿ ಇಲ್ಲವೇ? ಐಟಿಐ ಫಿಟ್ಟರ್ ಮುಗಿಸಿದ್ದೇನೆ.

ಇಲ್ಲ. 371(ಜೆ) ಮೀಸಲಾತಿ ಸರ್ಕಾರಿ ನೌಕರಿಗೆ ಮತ್ತು ಶಿಕ್ಷಣ ಸಂಸ್ಥೆಗಳ ಸೀಟಿಗೆ. ಸ್ಥಳೀಯ ವೃಂದದಲ್ಲಿ ಕಿರಿಯ ಶ್ರೇಣಿಯ ‘ಎ’ ಮತ್ತು ‘ಬಿ’ ಗುಂಪಿಗೆ ಶೇ 75, ‘ಸಿ’ಗೆ ಶೇ 80, ‘ಡಿ’ಗೆ ಶೇ 85, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ನೇಮಕಾತಿ ಪ್ರಕಟಣೆ ಬಂದ ಮೇಲೆ ಓಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಖಾಸಗಿ ಕಾರ್ಖಾನೆಯಲ್ಲಿ ಸ್ಥಳೀಯರಿಗೆ ಕೆಲಸ ಎಂಬುದು ರಾಜ್ಯದ ಕೈಗಾರಿಕಾ ನೀತಿಯಲ್ಲಿ ರಿಯಾಯಿತಿ ಪಡೆಯುವವರಿಗೆ ಹಾಕಿದ ಷರತ್ತು. ಕಾನೂನೇ ಮಾಡುತ್ತೇವೆಂದು ಜುಲೈ 2024ರಲ್ಲಿ ಸಂಪುಟ ಒಪ್ಪಿದ್ದ ಮಸೂದೆಯನ್ನು ವಿರೋಧ ಬಂದ ಕೂಡಲೇ ತಡೆಹಿಡಿಯಲಾಯಿತು.

ನಿಮ್ಮ ಕೈಯಲ್ಲಿರುವ ಗಟ್ಟಿ ಹಿಡಿ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿ, ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 800 ಜನರ ಕಾರ್ಖಾನೆಯೆಂದರೆ ಕನಿಷ್ಠ 20. ಸ್ಟೈಪೆಂಡಿನ ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ ಕೇಂದ್ರ ಭರಿಸುತ್ತದೆ. ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿಯಾಗದೆ ‘ಟ್ರೇನಿ’ ಎಂದು ವರ್ಷಗಟ್ಟಲೆ ದುಡಿಸಿಕೊಂಡರೆ ಆ ಅನುಭವಕ್ಕೆ ಎಲ್ಲೂ ಬೆಲೆಯಿಲ್ಲ. ಒಪ್ಪಂದದ ಸಂಖ್ಯೆ ಕೇಳಿ ಪಡೆಯಿರಿ. ಅಪ್ರೆಂಟಿಸ್ ಮುಗಿದ ಮೇಲೆ ಖಾಯಂ ಮಾಡುವ ಕಟ್ಟುಪಾಡು ಕಾರ್ಖಾನೆಗಿಲ್ಲ. ಆದರೂ ಕಿಲ್ನ್ (ಸುಡುವ ಕುಲುಮೆ) ನಿಲ್ಲಿಸಿ ದುರಸ್ತಿ ಮಾಡುವ ದಿನಗಳಲ್ಲಿ ಗುತ್ತಿಗೆದಾರರು ಫಿಟ್ಟರ್, ವೆಲ್ಡರ್‌ಗಳನ್ನು ಹೊರ ರಾಜ್ಯದಿಂದ ಕರೆಸುವುದು ಇಲ್ಲಿ ಪ್ರಮಾಣಪತ್ರ ಇರುವವರು ಸಾಲದೆ. ಫಿಟ್ಟರ್ ಜೊತೆಗೆ 6ಜಿ ಪೈಪ್ ವೆಲ್ಡಿಂಗ್ ಪರೀಕ್ಷೆ ಪಾಸಾಗಿ. ಕಲಬುರಗಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಅಲ್ಪಾವಧಿ ಕೋರ್ಸುಗಳ ಬಗ್ಗೆ ವಿಚಾರಿಸಿ.

ಪ್ರಶ್ನೆ: ಕಡೇಚೂರಿನಲ್ಲಿ ಒಂದು ಎಕರೆ ಪಡೆದು ಶೇಂಗಾ ಚಿಕ್ಕಿ ಘಟಕ ಹಾಕಬಹುದೇ? (ಯಾದಗಿರಿ)

ಪಡೆಯಬಹುದು. 15 ಕೋಟಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯಲ್ಲೇ ತೀರ್ಮಾನವಾಗುತ್ತವೆ, ಬೆಂಗಳೂರಿಗೆ ಹೋಗಬೇಕಿಲ್ಲ. ಆದರೆ ನಮ್ಮ ಸಲಹೆ ಬೇಡ ಎಂದು. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಘಟಕಗಳು ಹೆಚ್ಚು, ವಾಸನೆ ಮತ್ತು ನೀರಿನ ಬಗ್ಗೆ ಸುತ್ತಲ ಹಳ್ಳಿಗಳವರ ದೂರು ಇದ್ದೇ ಇದೆ. ಶೇಂಗಾ ಎಣ್ಣೆಯಂಶದ ಪದಾರ್ಥ, ಸುತ್ತಲ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ದೊಡ್ಡ ಖರೀದಿದಾರರ ಆಡಿಟ್‌ನಲ್ಲಿ ಪಕ್ಕದ ಘಟಕ ಯಾವುದು ಎಂದೂ ಕೇಳುತ್ತಾರೆ. ಚಿಕ್ಕಿಗೆ ಎಕರೆಯೂ ಬೇಡ. ಕೆಎಸ್‌ಎಸ್‌ಐಡಿಸಿ (ರಾಜ್ಯ ಸಣ್ಣ ಕೈಗಾರಿಕೆ ನಿಗಮ) ಶೆಡ್ಡು ಅಥವಾ ಸ್ವಂತ ಜಮೀನಿನ ಹತ್ತು ಗುಂಟೆ ಸಾಕು. ಸ್ವಂತ ಜಮೀನಾದರೆ ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೃಷಿಯೇತರ ಬಳಕೆಗೆ ಪರಿವರ್ತನೆ ಮಾಡಿಸಬೇಕಾಗಿ ಬಂದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು, ಅದಕ್ಕೇ ತಡವಾಗುವುದು. ಜಮೀನು ತಂದೆಯ ಹೆಸರಲ್ಲಿದ್ದರೆ ನೋಂದಾಯಿತ ಲೀಸ್ ಮಾಡಿಸಿ. ಬಾಯಿ ಮಾತಿನ ಒಪ್ಪಿಗೆಯನ್ನು ಯಾವ ಬ್ಯಾಂಕೂ ಕೇಳುವುದಿಲ್ಲ.

ಪ್ರಶ್ನೆ: ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪ್ಯಾಕಿಂಗ್ ಸಾಮಗ್ರಿ ಘಟಕವಿದೆ, ಪಿಎಫ್ ಇರುವ 32 ಜನ. ಮೂವರನ್ನು ಹೊಸದಾಗಿ ತೆಗೆದುಕೊಂಡರೆ ಕೇಂದ್ರದ ಪ್ರೋತ್ಸಾಹಧನ ಸಿಗುವುದೇ?

ಸಿಗುತ್ತದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ 1-8-2025ರಿಂದ 31-7-2027ರೊಳಗೆ ಸೃಷ್ಟಿಯಾದ ಕೆಲಸಗಳಿಗೆ ಹಣವಿದೆ. 50ಕ್ಕಿಂತ ಕಡಿಮೆ ನೌಕರರಿದ್ದರೆ ಕನಿಷ್ಠ 2, 50 ಮತ್ತು ಮೇಲಿದ್ದರೆ ಕನಿಷ್ಠ 5 ಹೆಚ್ಚುವರಿ ಜನ ಬೇಕು. ಪಿಎಫ್ ಲೆಕ್ಕದ ವೇತನ 10,000 ದಾಟಿ 20,000ದೊಳಗಿದ್ದರೆ ತಲೆಗೆ ತಿಂಗಳಿಗೆ 2,000, ಅದಕ್ಕೂ ಮೇಲೆ 1 ಲಕ್ಷದವರೆಗೆ 3,000, 10,000ದವರೆಗೆ ಗರಿಷ್ಠ 1,000. ಸಾಮಾನ್ಯವಾಗಿ ಎರಡು ವರ್ಷ, ತಯಾರಿಕಾ ಘಟಕಕ್ಕೆ ನಾಲ್ಕು ವರ್ಷ.

14,000 ವೇತನದ ಮೂವರು ನಾಲ್ಕು ವರ್ಷ ನಿಂತರೆ 2,88,000 ರೂಪಾಯಿ. ಕೇಳಲು ಚೆಂದ. ನಿಮ್ಮ ಕಡೆಯ ಖರ್ಚೂ ನೋಡಿ: ಮಾಲೀಕರ ಪಿಎಫ್ ಪಾಲು ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,820, ಇಎಸ್‌ಐ ಶೇ 3.25, ಅಂದರೆ 455. ಒಟ್ಟು 2,275. ಪ್ರೋತ್ಸಾಹಧನ ಪಿಎಫ್ ಭಾರವನ್ನು ಹೊರುತ್ತದೆ, ಇಎಸ್‌ಐ ಅನ್ನು ಪೂರ್ತಿ ಹೊರುವುದಿಲ್ಲ. ಆರ್ಡರ್ ಇಲ್ಲದೆ ಈ ಹಣಕ್ಕಾಗಿ ಜನರನ್ನು ತೆಗೆದುಕೊಂಡರೆ ಗಿಟ್ಟುವುದಿಲ್ಲ.

ಎಡವುವುದು ಮೂರು ಕಡೆ. ಹೊಸಬ ಆರು ತಿಂಗಳು ನಿಲ್ಲದೆ ಬಿಟ್ಟರೆ ಅವನ ಲೆಕ್ಕ ಹೋಯಿತು. ತಿಂಗಳ ಇಸಿಆರ್ (ಪಿಎಫ್ ವಿವರ ಪಟ್ಟಿ) ತಡವಾದರೆ ತೊಡಕು. ಹಳೆಯ ನೌಕರರ ಸಂಖ್ಯೆ ಇಳಿದರೆ ‘ಹೆಚ್ಚುವರಿ’ ಎಂಬುದೇ ಉಳಿಯುವುದಿಲ್ಲ. ಮೂವರು ಬಂದು ಇಬ್ಬರು ಬಿಟ್ಟರೆ ಹೆಚ್ಚಿದ್ದು ಒಬ್ಬನೇ. ಮೊದಲ ಬಾರಿ ಪಿಎಫ್‌ಗೆ ಸೇರುವ ಕೆಲಸಗಾರನಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000, ಆರು ಮತ್ತು ಹನ್ನೆರಡು ತಿಂಗಳ ಮೇಲೆ ಎರಡು ಕಂತಿನಲ್ಲಿ ಬರುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಿ, ಆರು ತಿಂಗಳು ನಿಲ್ಲಲು ಅವರಿಗೂ ಕಾರಣ ಸಿಗುತ್ತದೆ. ಯುಎಎನ್ (ನೌಕರನ ಪಿಎಫ್ ಸಂಖ್ಯೆ) ಅನ್ನು ಉಮಂಗ್ ಆ್ಯಪ್‌ನಲ್ಲಿ ಮುಖ ಗುರುತಿನ ಮೂಲಕ ಮಾಡಿಸಬೇಕು. ಆಧಾರ್ ಹೆಸರಿನ ಕಾಗುಣಿತ ಬ್ಯಾಂಕಿನದಕ್ಕೆ ತಾಳೆಯಾಗಲಿ.

ಪ್ರಶ್ನೆ: ಶಹಾಬಾದಿನಲ್ಲಿ ಫ್ಯಾಬ್ರಿಕೇಶನ್ ಘಟಕವಿದೆ. ದೊಡ್ಡ ಕಂಪನಿಯೊಂದು 6 ಲಕ್ಷದ ಬಿಲ್ಲನ್ನು ಏಳು ತಿಂಗಳಿಂದ ಕೊಟ್ಟಿಲ್ಲ.

ಕೆಲಸದ ಒಪ್ಪಂದಕ್ಕೆ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇತ್ತೇ? ಇದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಪರ್ಚೇಸ್ ಆರ್ಡರಿನಲ್ಲಿ 90 ದಿನ ಎಂದು ಬರೆದಿದ್ದರೂ 45 ದಿನವೇ ಮಿತಿ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಎಂದು ಹಿಡಿದರೆ ವರ್ಷಕ್ಕೆ ಶೇ 16.5, 6 ಲಕ್ಷಕ್ಕೆ ಮೊದಲ ತಿಂಗಳಿಗೇ 8,250.

ಮೊದಲು ನೋಟಿಸ್ ಬೇಡ. ಲೆಕ್ಕಪತ್ರ ವಿಭಾಗಕ್ಕೆ ಉದ್ಯಮ್ ಪ್ರಮಾಣಪತ್ರದ ಪ್ರತಿಯೊಂದಿಗೆ ಒಂದು ಇಮೇಲ್ ಕಳಿಸಿ: ಅತಿಸಣ್ಣ, ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸಲಾಗದು ಎಂಬ ಆದಾಯ ತೆರಿಗೆ ನಿಯಮವನ್ನು ನೆನಪಿಸಿ. ಫೆಬ್ರುವರಿ, ಮಾರ್ಚ್‌ನಲ್ಲಿ ಈ ಇಮೇಲಿಗೆ ಒಳ್ಳೆಯ ಫಲವಿದೆ. ಆಗದಿದ್ದರೆ ಬಾಕಿ ಹಣದ ವ್ಯಾಜ್ಯ ತೀರಿಸಲು ಆ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿಗೆ ಆನ್‌ಲೈನ್ ದೂರು ಕೊಡಿ. ಪರ್ಚೇಸ್ ಆರ್ಡರ್, ಬಿಲ್ಲು, ಸಹಿ ಇರುವ ಡೆಲಿವರಿ ಚಲನ್ ಬೇಕು. ಮಾಲು ಮುಟ್ಟಿದ 15 ದಿನದೊಳಗೆ ಕಂಪನಿ ಬರಹದಲ್ಲಿ ಆಕ್ಷೇಪಿಸದಿದ್ದರೆ ಒಪ್ಪಿಕೊಂಡಂತೆಯೇ. ಚಲನ್‌ಗೆ ಗೇಟಿನ ಮೊಹರು ಮಾತ್ರ ಇದ್ದು ಸ್ಟೋರ್‌ನವರ ಸಹಿ ಇಲ್ಲದ ಪ್ರಕರಣಗಳು ಇಲ್ಲೇ ಸೊರಗುವುದು. ಮಂಡಳಿಯ ಆದೇಶವನ್ನು ಪ್ರಶ್ನಿಸಬೇಕೆಂದರೆ ಕಂಪನಿ ಮೊದಲು ಶೇ 75 ಹಣ ಠೇವಣಿ ಇಡಬೇಕು.

ಪ್ರಶ್ನೆ: ಬಿದ್ರಿ ಕೆಲಸದವರಿಗೆ ಜಿಐ ಇಂದ ಏನು ಲಾಭ? (ಬೀದರ್)

ಮಾನ್ಯತೆ ಇದ್ದರೆ ಸಾಲದು, ಕುಶಲಕರ್ಮಿ ತಾನೇ ಅಧಿಕೃತ ಬಳಕೆದಾರನಾಗಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ಹಚ್ಚಬೇಕು. 2020ರಲ್ಲಿ ಶುಲ್ಕವನ್ನು 500ರಿಂದ 10 ರೂಪಾಯಿಗೆ ಇಳಿಸಿದ್ದಾರೆ. ಅದಿಲ್ಲದೆ ಲಾಂಛನ ಹಾಕಿ ಮಾರುವಂತಿಲ್ಲ. ಆದರೆ ಬಿದ್ರಿಯ ನಿಜವಾದ ಸಂಕಟ ಬೆಳ್ಳಿಯ ದರ. ಸತು, ತಾಮ್ರದ ಎರಕಕ್ಕೆ ಅಷ್ಟು ಖರ್ಚಿಲ್ಲ; ಕೆತ್ತಿದ ಗೆರೆಗೆ ಕೂರಿಸುವ ತಂತಿ, ತಗಡಿಗೇ ಬಂಡವಾಳ ಬೇಕು. ಆದ್ದರಿಂದ ಒಬ್ಬೊಬ್ಬರೇ ಸಾಲ ಎತ್ತುವುದಕ್ಕಿಂತ ಕುಶಲಕರ್ಮಿಗಳ ಗುಂಪುಗಳಿಗೆಂದಿರುವ ಕೇಂದ್ರದ ಸ್ಫೂರ್ತಿ ಯೋಜನೆಯಡಿ ಕ್ಲಸ್ಟರ್ ಮಾಡಿ ಕಚ್ಚಾ ಮಾಲಿನ ಸಾಮಾನ್ಯ ದಾಸ್ತಾನು ಕೇಳುವುದು ವಾಸಿ. 500 ಕುಶಲಕರ್ಮಿಗಳವರೆಗಿನ ಕ್ಲಸ್ಟರ್‌ಗೆ 2.5 ಕೋಟಿವರೆಗೆ ನೆರವಿನ ಅವಕಾಶವಿದೆ.

ಪ್ರಶ್ನೆ: ಫಿರೋಜಾಬಾದ್ ಜವಳಿ ಪಾರ್ಕ್ ನಂಬಿ ಈಗಲೇ ಹತ್ತು ಹೊಲಿಗೆ ಯಂತ್ರ ಕೊಳ್ಳಬಹುದೇ? (ಕಲಬುರಗಿ ತಾಲ್ಲೂಕಿನ ಸ್ವಸಹಾಯ ಸಂಘ)

ಕೊಳ್ಳಬೇಡಿ. ಪಿಎಂ ಮಿತ್ರ ಯೋಜನೆಯ ಏಳು ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಎಂದು ಮಾರ್ಚ್ 2023ರಲ್ಲಿ ಪ್ರಕಟವಾಯಿತು. ಜಾಗ ಫಿರೋಜಾಬಾದ್ ಸುತ್ತ 1,000 ಎಕರೆ. ಒಂದೊಂದು ಪಾರ್ಕಿನಿಂದ 1 ಲಕ್ಷ ನೇರ, 2 ಲಕ್ಷ ಪರೋಕ್ಷ ಉದ್ಯೋಗ ಎಂಬುದು ಕೇಂದ್ರದ ಅಂದಾಜು. ಅಂದಾಜಿಗೆ ಇಎಂಐ ಕಟ್ಟಲಾಗದು. ನೀರು, ವಿದ್ಯುತ್, ತ್ಯಾಜ್ಯ ನೀರಿನ ಘಟಕ ಆಗಿ, ಕಂಪನಿಗಳು ಬಂದ ಮೇಲೆ ತುಂಡು ಕೆಲಸ ಹೊರಗೆ ಕೊಡುತ್ತಾರೆ.

ಕಾಯುವ ಹೊತ್ತಿನಲ್ಲಿ ಮಾಡಬಹುದಾದದ್ದು ಕಲಿಕೆ. ಮನೆಯ ಹೊಲಿಗೆ ಯಂತ್ರ ನಿಮಿಷಕ್ಕೆ ಸಾವಿರದ ಆಸುಪಾಸು ಹೊಲಿಗೆ ಹಾಕಿದರೆ ಕಾರ್ಖಾನೆಯ ಸಿಂಗಲ್ ನೀಡಲ್ ಲಾಕ್‌ಸ್ಟಿಚ್ 5,000 ಹಾಕುತ್ತದೆ. ಕಾಲಿನ ಹಿಡಿತವೇ ಬೇರೆ. ರವಿಕೆ ಹೊಲಿಯಲು ಬಂದವರೂ ಮೊದಲ ವಾರ ನೇರ ಗೆರೆ ಎಳೆಯಲು ತಿಣುಕುತ್ತಾರೆ. ಕಾರ್ಖಾನೆಗೆ ಪೂರ್ತಿ ಉಡುಪು ಹೊಲಿಯುವವರು ಬೇಡ, ಕಾಲರ್ ಅಥವಾ ಜೇಬು ಒಂದನ್ನೇ ಗಂಟೆಗೆ ಇಷ್ಟೆಂದು ಸಮನಾಗಿ ಹೊಲಿಯುವವರು ಬೇಕು. ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ ದಾಖಲೆ ಪುಸ್ತಕಕ್ಕೆ ಅಂಟಿಸಿದ ಮೇಲೇ ಹೊಸ ಸೂಜಿ ಎಂಬಂಥ ಶಿಸ್ತೂ ಕಲಿಯಬೇಕು. ಪವರ್ ಮಷೀನ್ ಇರುವ ತರಬೇತಿ ಕೇಂದ್ರವನ್ನೇ ಆರಿಸಿ. ಯಂತ್ರವನ್ನು ಆರ್ಡರ್ ಪತ್ರ ಕೈಗೆ ಬಂದ ಮೇಲೆ ಕೊಳ್ಳಿ.

ಪ್ರಶ್ನೆ: ಪಿಎಂಎಫ್‌ಎಂಇ ವರದಿ ಬರೆದು ಮಂಜೂರು ಮಾಡಿಸಲು ಒಬ್ಬರು 30,000 ಕೇಳುತ್ತಿದ್ದಾರೆ. (ಹುಮನಾಬಾದ್)

ಕೊಡಬೇಡಿ. ಆ ಯೋಜನೆಯಲ್ಲೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ವರದಿ ಬರೆಯುವುದು, ಬ್ಯಾಂಕಿಗೆ ಓಡಾಡುವುದು, ಉದ್ಯಮ್, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಮಾಡಿಸುವುದು ಅವರ ಕೆಲಸ. ಸಾಲ ಮಂಜೂರಾದ ಪ್ರತಿ ಅರ್ಜಿಗೆ 20,000 ರೂಪಾಯಿ ಅವರಿಗೆ ಯೋಜನೆಯಿಂದಲೇ ಸಿಗುತ್ತದೆ, ಅರ್ಧ ಮಂಜೂರಾತಿಗೆ, ಇನ್ನರ್ಧ ಆಮೇಲಿನ ನೋಂದಣಿ, ತರಬೇತಿಗೆ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಅವರ ಪಟ್ಟಿ ಕೇಳಿ. ಹಣ ಕೇಳುತ್ತಿರುವವರ ಹೆಸರು ಆ ಪಟ್ಟಿಯಲ್ಲಿದ್ದರೆ ಅಲ್ಲೇ ಬರಹದಲ್ಲಿ ದೂರು ಕೊಡಿ. ಇಲ್ಲದಿದ್ದರೆ ಆಧಾರ್, ಪ್ಯಾನ್, ಒಟಿಪಿ ಯಾವುದನ್ನೂ ಅವರ ಕೈಗೆ ಕೊಡಬೇಡಿ.